ಅಡ್ಡ ನಿಂತ ಗಾಡಿ

"ಬುದ್ಧೀ, ನಿಂತ ಗಾಡಿಗೆ ಗುದ್ದಿ, ತಿರುಗಿಯೂ ನೋಡದೆ ಹೋಗುವವನನ್ನು ಏನು ಮಾಡಬೇಕು?"

ಕೇಳಿದವನು ಚನ್ನವೀರ, ಹೈಸ್ಕೂಲಿನ ಮಾಸ್ತರ. ಆಗಾಗ ಮಠಕ್ಕೆ ಬಂದು ಗುರುಗಳ ಎದುರು ಸ್ವಲ್ಪ ಹೊತ್ತು ಕುಳಿತು ಹೋಗುವುದು ಅವನ ರೂಢಿ. ಆ ದಿನ ನಮಸ್ಕಾರ ಮಾಡುವುದಕ್ಕೂ ಮೊದಲೇ ಪ್ರಶ್ನೆ ಹಾಕಿದ.

ಗುರುಗಳು ಅವನನ್ನು ಕೂರಿಸಿ, ಏನಾಯಿತೆಂದು ವಿಚಾರಿಸಿದರು. ಶಾಲೆಯ ಮುಂದೆ ನಿಲ್ಲಿಸಿದ್ದ ಅವನ ಬೈಕನ್ನು ಯಾರೋ ಗುದ್ದಿ ಕೆಡವಿ ಹೋಗಿದ್ದರು. ಟ್ಯಾಂಕು ನೆಗ್ಗಿತ್ತು. ಕನ್ನಡಿ ಒಡೆದಿತ್ತು. ತಾನು ಎಂದು ಯಾರೂ ಒಪ್ಪಿಕೊಂಡಿರಲಿಲ್ಲ. ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸುವ ಡ್ರಾಯಿಂಗ್ ಮಾಸ್ತರನ ಕೆಲಸವೇ ಇದು ಎಂದು ಚನ್ನವೀರನಿಗೆ ಖಾತ್ರಿಯಾಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಅವನನ್ನು ಕೇಳಿಬಿಟ್ಟಿದ್ದ. ಆ ಮನುಷ್ಯ ಇಲ್ಲವೆಂದು ಹೇಳಿ ತಲೆ ತಗ್ಗಿಸಿದ್ದ. ತಲೆ ತಗ್ಗಿಸಿದ್ದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಚನ್ನವೀರ ಗುರುಗಳನ್ನೇ ಕೇಳಿದ.

ಈಗ ತಾನು ಪಾಠ ಕಲಿತಿದ್ದೇನೆ ಎಂದೂ ಹೇಳಿದ. ಎಲ್ಲಿ ನಿಲ್ಲಿಸಿದರೂ ಹ್ಯಾಂಡಲ್ ಲಾಕ್ ಹಾಕುತ್ತಾನೆ. ಮುಂದಿನ ಗಾಲಿಗೆ ಸರಪಳಿ ಸುತ್ತಿ ಬೀಗ ಜಡಿಯುತ್ತಾನೆ. ಇಲ್ಲಿಯೂ ಹಾಗೆಯೇ ಮಾಡಿ ಬಂದಿದ್ದ. ಮಠದ ಗೇಟಿನ ಕಮಾನಿನ ಕೆಳಗೆ ನೆರಳಿತ್ತು, ಅಲ್ಲೇ ನಿಲ್ಲಿಸಿದ್ದ. ಇನ್ನು ಯಾವನೂ ಅದನ್ನು ಅಲ್ಲಾಡಿಸಲಾರ ಎಂದ.

"ಅಲ್ಲಾಡಿಸಲಾರ ಅನ್ನು" ಎಂದು ಗುರುಗಳು ನಕ್ಕರು. "ಸರಿ ತಮ್ಮಾ, ಒಂದು ಕತೆ ಇದೆ. ಕೋಪ ಇದ್ದರೆ ಇರಲಿ, ಮಗ್ಗುಲಲ್ಲಿ ಇಟ್ಟುಕೊಂಡೇ ಕೇಳು. ಹೋಗುವಾಗ ಬೇಕಾದರೆ ತೆಗೆದುಕೊಂಡು ಹೋಗು."

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಅವನ ಪಕ್ಕದಲ್ಲಿ ಒಬ್ಬ ಗಿರಣಿಯವನು, ಜೋಳ ಗೋಧಿ ಬೀಸಿಕೊಡುವವನು. ಇಬ್ಬರೂ ಚಿಕ್ಕಂದಿನ ಗೆಳೆಯರು. ಮಧ್ಯಾಹ್ನದ ಚಹಾವನ್ನು ಒಬ್ಬನನ್ನು ಬಿಟ್ಟು ಒಬ್ಬ ಕುಡಿದವರಲ್ಲ.

ಅಂಗಡಿಗಳ ಹಿಂದೆ ಒಂದು ಸಣ್ಣ ಬಯಲು. ಮೂರು ಕಡೆ ಗೋಡೆ. ಪೇಟೆಯವರ ಗಾಡಿಗಳೆಲ್ಲ ಅಲ್ಲೇ ನಿಲ್ಲಬೇಕು. ಬೇಗ ಬಂದವನು ಗೋಡೆಗೆ ಮುಖ ಮಾಡಿ ಒಳಗೆ ನಿಲ್ಲಿಸುತ್ತಾನೆ. ತಡವಾಗಿ ಬಂದವನು ಅವನ ಬೆನ್ನಿಗೆ ಅಡ್ಡಲಾಗಿ ನಿಲ್ಲಿಸುತ್ತಾನೆ. ಹಾಗಾದರೆ ಒಳಗಿನವನು ಹೊರಗೆ ಬರುವುದು ಹೇಗೆ? ಅದಕ್ಕೊಂದು ವಾಡಿಕೆ ಇತ್ತು. ಅಡ್ಡ ನಿಲ್ಲಿಸುವವನು ಗಾಡಿಯನ್ನು ಗೇರಿಗೆ ಹಾಕಬಾರದು, ಹ್ಯಾಂಡ್ ಬ್ರೇಕ್ ಎಳೆಯಬಾರದು. ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಕು. ಒಳಗಿನವನು ಹೊರಡುವಾಗ ಆ ಅಡ್ಡ ಗಾಡಿಯನ್ನು ತಾನೇ ಒಂದಿಷ್ಟು ಆಚೆಗೆ ತಳ್ಳಿ, ತನ್ನ ಗಾಡಿ ತೆಗೆದುಕೊಂಡು ಹೋಗುತ್ತಾನೆ. ಯಾರನ್ನೂ ಕೂಗಿ ಕರೆಯಬೇಕಾಗಿಲ್ಲ. ಈ ವಾಡಿಕೆಯನ್ನು ಮಾಡಿದವರು ಯಾರೆಂದು ಯಾರಿಗೂ ತಿಳಿಯದು. ಗಾಡಿ ಕೊಂಡವರೆಲ್ಲ ಅದನ್ನೂ ಕಲಿತುಕೊಂಡರು.

ವ್ಯಾಪಾರಿ ಹೊಸ ಕಾರು ಕೊಂಡ. ಹೊಸ ಕಾರು ಎಂದರೆ ಗೊತ್ತಲ್ಲ. ಸೀಟಿನ ಪ್ಲಾಸ್ಟಿಕ್ ಕೀಳಲಿಲ್ಲ. ಬೆಳಿಗ್ಗೆ ದೇವರಿಗೆ ಹೂ ಏರಿಸುವ ಮೊದಲು ಕಾರಿಗೆ ಏರಿಸುತ್ತಿದ್ದ. ಹೆಂಡತಿ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೆ ಅವನ ಎದೆ ಝಲ್ಲೆನ್ನುತ್ತಿತ್ತು.

ಒಂದು ದಿನ ಅವನು ತಡವಾಗಿ ಬಂದು, ಕಾರನ್ನು ಅಡ್ಡ ನಿಲ್ಲಿಸಿ ಹೋದ. ಸಂಜೆ ಬಂದು ನೋಡಿದರೆ ಹಿಂಭಾಗ ನೆಗ್ಗಿದೆ, ಹಿಂದಿನ ದೀಪ ಒಡೆದಿದೆ. ಗೋಡೆಯ ಮೇಲೂ ತಾಗಿದ ಗುರುತು ಇತ್ತು. ಯಾರೋ ಹೊರಡುವ ಅವಸರದಲ್ಲಿ ಜೋರಾಗಿ ತಳ್ಳಿದ್ದಾರೆ, ಕಾರು ಹೋಗಿ ಗೋಡೆಗೆ ಹೊಡೆದಿದೆ, ತಳ್ಳಿದವನು ತನ್ನ ಗಾಡಿ ಹತ್ತಿ ಹೋಗಿಬಿಟ್ಟಿದ್ದಾನೆ.

ವ್ಯಾಪಾರಿ ಬಯಲಿನ ನಡುವೆ ನಿಂತು ಕೂಗಾಡಿದ. ಗಂಡಸಾಗಿದ್ದರೆ ಮುಂದೆ ಬಾ ಎಂದ. ಸಿಕ್ಕಿದರೆ ಕೈ ಮುರಿಯುತ್ತೇನೆ ಎಂದ. ಪೊಲೀಸರನ್ನು ಕರೆಸುತ್ತೇನೆ ಎಂದ. ಅವನ ಹೆಂಡತಿ ಮೇಲಿನಿಂದ ಸಾಕು ಬನ್ನಿ ಎಂದು ಕರೆದಳು. ಅವಳಿಗೂ ಒಂದಿಷ್ಟು ಬೈದ. ಯಾರೂ ಮುಂದೆ ಬರಲಿಲ್ಲ.

ಆ ದಿನ ಒಳಗಿದ್ದ ಗಾಡಿಗಳಲ್ಲಿ ಗಿರಣಿಯವನ ಟೆಂಪೋ ಕೂಡ ಇತ್ತು. ವ್ಯಾಪಾರಿ ಕಾರಿನ ಹಿಂಭಾಗವನ್ನು ಮತ್ತೆ ನೋಡಿದ. ಅಲ್ಲಿ ಹಿಟ್ಟಿನ ಧೂಳಿತ್ತು. ಮುಗಿಯಿತು, ಸಾಕ್ಷಿ ಸಿಕ್ಕಿತು. ಗಿರಣಿಯ ಹಿಂದಿನ ಬಯಲಿನಲ್ಲಿ ಹಿಟ್ಟಿನ ಧೂಳಿಲ್ಲದ ಗಾಡಿ ಯಾವುದಿತ್ತು? ಆದರೆ ಸಿಟ್ಟು ಬಂದವನು ತನ್ನ ಗಾಡಿಯ ಮೇಲಿನ ಧೂಳನ್ನಷ್ಟೇ ನೋಡುತ್ತಾನೆ. ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗೆಳೆಯನನ್ನು ಕೇಳಿದ. ಗಿರಣಿಯವನು ನಾನಲ್ಲ ಎಂದ. ಮತ್ತೆ ಕೇಳಿದಾಗ ಗ್ಲಾಸು ಕೆಳಗಿಟ್ಟು ಎದ್ದು ಹೋದ. ಅಂದಿನಿಂದ ಇಬ್ಬರ ಚಹಾ ನಿಂತಿತು.

ವ್ಯಾಪಾರಿಯೂ ಪಾಠ ಕಲಿತ, ನಿನ್ನ ಹಾಗೆ. ಅಡ್ಡ ನಿಲ್ಲಿಸಿದ ದಿನ ಕಾರನ್ನು ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಹೋಗತೊಡಗಿದ. ಒಳಗಿನವರು ಅವನ ಅಂಗಡಿಗೆ ಓಡಿಬರಬೇಕು. ಇವನು ಗಿರಾಕಿ ಇದ್ದಾರೆ ಎನ್ನುತ್ತಾನೆ, ಸೀರೆ ಮಡಿಸಿಟ್ಟು ಬರುತ್ತೇನೆ ಎನ್ನುತ್ತಾನೆ. ಮದುವೆಗೆ ಹೊರಟ ಒಂದು ಕುಟುಂಬ ತಾಳಿ ಕಟ್ಟಿದ ಮೇಲೆ ಊಟಕ್ಕೆ ಹೋಗಿ ಮುಟ್ಟಿತು. ಇವನನ್ನು ನೋಡಿ ಇನ್ನೊಬ್ಬನೂ ಗೇರಿಗೆ ಹಾಕತೊಡಗಿದ. ಅವನನ್ನು ನೋಡಿ ಮತ್ತೊಬ್ಬ. ಸ್ವಲ್ಪ ದಿನಗಳಲ್ಲಿ ಆ ಬಯಲಿನಲ್ಲಿ ಜಗಳವಿಲ್ಲದೆ ಒಂದು ಗಾಡಿಯೂ ಹೊರಬೀಳದಂತಾಯಿತು.

ಆಗ ಮಠದ ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ಅಡುಗೆಯವರು ಬಾಗಿಲಲ್ಲಿ ಬಂದು ಇಣುಕಿದರು. ಗುರುಗಳು ಸ್ವಲ್ಪ ತಾಳಿ ಎಂದು ಕೈ ಮಾಡಿದರು. ಚನ್ನವೀರ ಅತ್ತ ನೋಡಲಿಲ್ಲ. ಮುಂದೇನಾಯಿತು ಎಂದು ಕೇಳಿದ.

ಗುರುಗಳು ಮುಂದುವರಿಸಿದರು.

ವ್ಯಾಪಾರಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೂ ದಿನವಿದೆ ಎಂದು ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನೋವು ಬಂತು. ರಕ್ತವೂ ಹೋಗತೊಡಗಿತು. ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಯಾವುದೋ ದೂರದ ಹಳ್ಳಿಗೆ ಹೋಗಿತ್ತು, ಬರುವುದು ತಡವಾಗುತ್ತದೆ ಎಂದರು. ದೊಡ್ಡ ಆಸ್ಪತ್ರೆ ಇದ್ದದ್ದು ಪಕ್ಕದ ಊರಿನಲ್ಲಿ. ವ್ಯಾಪಾರಿ ಕಾರಿನ ಕೀಲಿಕೈ ಹಿಡಿದು ಬಯಲಿಗೆ ಓಡಿದ.

ಅವನ ಕಾರು ಆ ದಿನ ಒಳಗಿತ್ತು. ಅದರ ಬೆನ್ನಿಗೆ ಅಡ್ಡ ನಿಂತದ್ದು ಗಿರಣಿಯವನ ಟೆಂಪೋ.

ಗಿರಣಿಗೆ ಬೀಗ ಹಾಕಿತ್ತು. ಹರಿದುಹೋದ ಬೆಲ್ಟಿಗೆ ಹೊಸದು ತರಲು ಅವನು ಬೆಳಿಗ್ಗೆಯೇ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿದ್ದ. ವ್ಯಾಪಾರಿಯ ತಲೆಗೆ ಬಂದದ್ದು ಒಂದೇ ಮಾತು: ಗೇರಿಗೆ ಹಾಕಿ ಹೋಗಿರುತ್ತಾನೆ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ದಿನಾ ಮಾಡುತ್ತಿರುವುದೂ ಅದನ್ನೇ. ಅಷ್ಟು ಹೊತ್ತಿಗೆ ಹೆಂಡತಿ ಮಗಳನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಮಗಳು ಅಪ್ಪಾ ಎಂದಳು.

ವ್ಯಾಪಾರಿ ಟೆಂಪೋದ ಮೇಲೆ ಕೈ ಇಟ್ಟ. ಆಸೆಯಿಂದ ಇಡಲಿಲ್ಲ, ಬೇರೆ ಏನು ಮಾಡಬೇಕೆಂದು ತಿಳಿಯದೆ ಇಟ್ಟ.

ಟೆಂಪೋ ಸರಿಯಿತು.

ಹೋದ ಜೀವ ಬಂದಂತಾಯಿತು ಅವನಿಗೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದ. ಅಷ್ಟು ಬೇಕಾಗಿರಲಿಲ್ಲ. ಖಾಲಿ ಟೆಂಪೋ ಓಡಿಹೋಗಿ ಗೋಡೆಗೆ ಹೊಡೆಯಿತು. ಗಾಜು ಒಡೆದು ಬಿದ್ದ ಸದ್ದಾಯಿತು. ವ್ಯಾಪಾರಿ ತಿರುಗಿಯೂ ನೋಡಲಿಲ್ಲ. ಮಗಳನ್ನು ಕೂರಿಸಿಕೊಂಡು ಹೊರಟುಹೋದ.

ಆಸ್ಪತ್ರೆಯಲ್ಲಿ ಅವಳನ್ನು ತಕ್ಷಣ ಒಳಗೆ ಕರೆದುಕೊಂಡರು. ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ವ್ಯಾಪಾರಿ ಬೆಂಚಿನ ಮೇಲೆ ಕುಸಿದು ಕುಳಿತ. ಅಳು ಬಂತು, ನಗುವೂ ಬಂತು. ಯಾರು ಯಾರಿಗೋ ಕೈ ಮುಗಿದ. ಕಸ ಗುಡಿಸುವವಳಿಗೂ ಮುಗಿದ. ಎದೆಯ ಭಾರವೆಲ್ಲ ಇಳಿದ ಮೇಲೆ ಅವನಿಗೆ ಗಾಜು ಒಡೆದ ಸದ್ದು ನೆನಪಾಯಿತು.

ಬಟ್ಟೆಬರೆ ತರಲೆಂದು ಪೇಟೆಗೆ ಹಿಂತಿರುಗಿದ. ಬಯಲಿನಲ್ಲಿ ಗಿರಣಿಯವನಿದ್ದ. ಆಗ ತಾನೇ ಬಸ್ಸಿಳಿದು ಬಂದಿದ್ದ. ಹೆಗಲಿನ ಮೇಲೆ ಹೊಸ ಬೆಲ್ಟು ಇನ್ನೂ ಹಾಗೆಯೇ ಇತ್ತು. ಟೆಂಪೋದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಯಾರ ಕಾಲಿಗೂ ಚುಚ್ಚದಿರಲೆಂದು ಒಡೆದ ದೀಪದ ಗಾಜಿನ ಚೂರುಗಳನ್ನು ಆರಿಸುತ್ತಿದ್ದ.

ವ್ಯಾಪಾರಿಗೆ ಒಂದು ಗಳಿಗೆ ಅನ್ನಿಸಿತು: ಯಾರು ನೋಡಿದ್ದಾರೆ? ಸುಮ್ಮನೆ ಮೇಲೆ ಹೋಗಿಬಿಡಲೇ? ಮನುಷ್ಯ ತಮ್ಮಾ, ಅನ್ನಿಸುತ್ತದೆ. ಗಿರಣಿಯವನು ಕೂಗಾಡುತ್ತಿದ್ದರೆ ಪ್ರಾಯಶಃ ಹೋಗಿಯೂ ಬಿಡುತ್ತಿದ್ದ. ಅವನು ಕೂಗಾಡುತ್ತಿರಲಿಲ್ಲ. ವ್ಯಾಪಾರಿ ಹೋಗಿ ಪಕ್ಕದಲ್ಲಿ ಕುಳಿತ. ತಾನೂ ಒಂದು ಚೂರು ಆರಿಸಿದ. ಇದನ್ನು ಒಡೆದದ್ದು ನಾನು ಎಂದ. ನಡೆದದ್ದನ್ನು ಹೇಳುತ್ತ ಮತ್ತೆ ಅತ್ತ.

ಗಿರಣಿಯವನು ದೀಪದ ಮಾತೆತ್ತಲಿಲ್ಲ. ಮಗಳು ಹೇಗಿದ್ದಾಳೆ ಎಂದು ಕೇಳಿದ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ತಿಳಿದ ಮೇಲೆ, ಸದ್ಯ ಎಂದು ಉಸಿರು ಬಿಟ್ಟ. ಅವಳು ಅವನ ಗಿರಣಿಯಲ್ಲಿ ಹಿಟ್ಟು ಮೆತ್ತಿಕೊಂಡು ಆಡಿ ಬೆಳೆದ ಹುಡುಗಿ.

"ನಾನು ಎಲ್ಲರ ಮುಂದೆ ನಿನ್ನ ಮರ್ಯಾದೆ ಕಳೆದೆ" ಎಂದ ವ್ಯಾಪಾರಿ. "ಎಲ್ಲರೂ ಗೇರಿಗೆ ಹಾಕಿ ಹೋಗುತ್ತಿದ್ದಾರೆ. ನೀನು ಯಾಕೆ ಹಾಕಲಿಲ್ಲ?"

ಗಿರಣಿಯವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಒಳಗೆ ನಿನ್ನ ಕಾರು ಇತ್ತಲ್ಲ" ಎಂದ.

ಇಬ್ಬರೂ ಎದ್ದು ಚಹಾದ ಅಂಗಡಿಗೆ ಹೋದರು. ಒಲೆ ಆರಿಸುವ ಹೊತ್ತಾಗಿತ್ತು. ಅಂಗಡಿಯವನು ಗೊಣಗುತ್ತಲೇ ಮತ್ತೆ ಪಾತ್ರೆ ಇಟ್ಟ.

ಮರುದಿನದಿಂದ ವ್ಯಾಪಾರಿ ಈ ಕತೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದ. ರವಿಕೆ ಬಟ್ಟೆ ಕೇಳಲು ಬಂದವರೂ ಕೇಳಿಕೊಂಡು ಹೋಗಬೇಕಾಯಿತು. ಟೆಂಪೋದ ದೀಪ ಒಡೆದವನು ತಾನು, ಹೇಳದೆ ಓಡಿಹೋದವನೂ ತಾನು ಎಂದು ಮುಚ್ಚಿಡದೆ ಹೇಳಿದ. ಹೊಸ ದೀಪವನ್ನು ಮುಂದೆ ನಿಂತು ಹಾಕಿಸಿದ.

ಒಂದು ದಿನ ಬಳೆ ಅಂಗಡಿಯವನು ಬಂದು ಕಟ್ಟೆಯ ಮೇಲೆ ಕುಳಿತ. ನಿಮ್ಮ ಕಾರನ್ನು ಗೋಡೆಗೆ ಹೊಡೆಸಿದವನು ನಾನು, ಆ ಸಂಜೆಯೇ ಹೇಳಲು ಬಂದಿದ್ದೆ, ನೀವು ಕೈ ಮುರಿಯುತ್ತೇನೆ ಎನ್ನುತ್ತಿದ್ದಿರಿ, ಹಾಗೇ ಹಿಂದಕ್ಕೆ ಹೋದೆ ಎಂದ. ಅಂದಿನಿಂದ ಅವನು ಬಟ್ಟೆ ಅಂಗಡಿಯ ಮುಂದೆ ಹಾಯಲು ಹೆದರಿ, ಹಿಂದಿನ ಸಂದಿಯಲ್ಲಿ ಓಡಾಡುತ್ತಿದ್ದನಂತೆ. ಅಷ್ಟು ಅವಸರ ಏನಿತ್ತು ಎಂದು ವ್ಯಾಪಾರಿ ಕೇಳಿದ. ತನ್ನ ಮನೆಯಲ್ಲಾದಂತೆ ಅವನ ಮನೆಯಲ್ಲಿಯೂ ಯಾರಿಗೋ ಜೀವಕ್ಕೆ ಬಂದಿರಬೇಕು ಎಂದುಕೊಂಡಿದ್ದ. ಅಂಥದ್ದೇನೂ ಇಲ್ಲ, ಬೀಗರು ಊಟಕ್ಕೆ ಕರೆದಿದ್ದರು ಎಂದ ಬಳೆಯವನು. ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. ಬಳೆಯವನೂ ನಕ್ಕ. ಕಾರನ್ನು ಗ್ಯಾರೇಜಿಗೆ ಒಯ್ದು ಸರಿಮಾಡಿಸಿ ತಂದುಕೊಟ್ಟ. ಪೇಟೆಯ ಮುಖ್ಯ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆದ.

ಬಯಲಿನಲ್ಲಿ ಗಾಡಿಗಳು ಮೊದಲಿನ ಹಾಗೆ ನ್ಯೂಟ್ರಲ್‌ನಲ್ಲಿ ನಿಂತವು. ಆಗೊಮ್ಮೆ ಈಗೊಮ್ಮೆ ಯಾವುದಾದರೊಂದಕ್ಕೆ ಪೆಟ್ಟು ಬೀಳುತ್ತಿತ್ತು. ತಳ್ಳಿದವನು ಬಂದು ಹೇಳುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಚನ್ನವೀರನ ಮುಖ ಹಗುರಾಗಿತ್ತು. ಬಂದಾಗಿನ ಬಿಗುವು ಇರಲಿಲ್ಲ. ನಾಳೆ ಬೆಳಿಗ್ಗೆಯೇ ಡ್ರಾಯಿಂಗ್ ಮಾಸ್ತರನ ಕೈ ಹಿಡಿದು ತಪ್ಪಾಯಿತು ಎನ್ನುತ್ತೇನೆ, ಅದೂ ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೇ ಎಂದ. ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು ಎಂದ. ಗೇಟಿನ ಕಡೆ ಹಾರ್ನ್ ಮತ್ತೊಮ್ಮೆ ಕೂಗಿತು. ಅಡುಗೆಯವರು ಮತ್ತೊಮ್ಮೆ ಇಣುಕಿದರು. ಚನ್ನವೀರ ಗುರುಗಳ ಪಾದ ಮುಟ್ಟಿ, ಎಲ್ಲ ಅರ್ಥವಾಯಿತು ಬುದ್ಧೀ ಎಂದು ಹೇಳಿ, ಮತ್ತೆ ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿ ಕುಳಿತ.

"ಹಾಗಾದರೆ ಎದ್ದು ಹೋಗಿ ನಿನ್ನ ಬೈಕಿನ ಬೀಗ ತೆಗೆ ತಮ್ಮಾ, ದಾಸೋಹದ ಅಕ್ಕಿ ಹೊತ್ತ ಗಾಡಿ ಆಗಿನಿಂದ ಗೇಟಿನ ಹೊರಗೆ ನಿಂತಿದೆ" ಎಂದರು ಗುರುಗಳು.

ಚನ್ನವೀರ ಜೇಬಿನಲ್ಲಿ ಕೀಲಿಕೈ ಹುಡುಕುತ್ತ ಎದ್ದ.