ಬಳೆಚೂರು ಆರಿಸಿದ ತಿಪ್ಪಕ್ಕ

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಮಾತು ಇದು. ಕರೇಮಡು ಅಂತ ಒಂದೂರು. ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಾಕೆ ಇದ್ದಳಂತೆ. ಅವಳಿಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿಯಲಿಲ್ಲ ಅಂತ ನಾಲ್ಕನೆಯದನ್ನು ತಿಪ್ಪೆ ಮೇಲೆ ಮಲಗಿಸಿ, ಎತ್ತಿಕೊಂಡು, ಆ ಹೆಸರಿಟ್ಟರಂತೆ. ಕೂಸು ಉಳಿಯಿತು, ಬೆಳೆಯಿತು, ಅದೇ ಊರಿನ ಬೋರಯ್ಯನ ಹೆಂಡತಿಯಾಯಿತು.

ಆಗ ಮನೆಯ ಕಸವೆಲ್ಲ ಒಂದೇ ತಿಪ್ಪೆಗೆ. ಸಗಣಿಯೂ ಅಲ್ಲಿಗೇ, ಎಂಜಲೂ ಅಲ್ಲಿಗೇ, ಒಡೆದ ಗಡಿಗೆ, ಹರಕು ಬಟ್ಟೆ, ತುಕ್ಕು ಮೊಳೆಯೂ ಅಲ್ಲಿಗೇ. ಮಳೆಗಾಲಕ್ಕೆ ಮುಂಚೆ ಅದನ್ನೇ ಹೊಲಕ್ಕೆ ಹೊಡೆಯೋದು. ಒಂದು ವರ್ಷ ಬೋರಯ್ಯ ಬರಿಗಾಲಲ್ಲಿ ಗೊಬ್ಬರ ಹರಡುವಾಗ ಅಂಗಾಲಿಗೆ ಏನೋ ಚುಚ್ಚಿತು. ಅರಿಶಿನ ಮೆತ್ತಿದರು, ಬೇವು ಅರೆದು ಕಟ್ಟಿದರು. ಕಾಲು ಬಾತಿತು, ಜ್ವರ ಏರಿತು, ಹನ್ನೊಂದನೇ ದಿನ ಹೋಗಿಬಿಟ್ಟ. ಗಾಯದಿಂದ ತೆಗೆದದ್ದು ಉಗುರಿನಷ್ಟು ಹಸಿರು ಬಳೆಚೂರು. ತಿಪ್ಪಕ್ಕನಿಗೆ ಅದರ ಗುರುತು ಸಿಕ್ಕಿತಂತೆ. ಹಿಂದಿನ ವರ್ಷ ಒರಳಿಗೆ ಬಡಿದು ಒಡೆದ ಅವಳದೇ ಬಳೆ. ಗುಡಿಸಿ ತಿಪ್ಪೆಗೆ ಹಾಕಿದವಳೂ ಅವಳೇ.

ಅವಳು ಅಳಲಿಲ್ಲವಂತೆ. ಮೂರು ತಿಂಗಳು ಕಳೆಯಿತು. ಆಮೇಲೆ ಒಂದು ದಿನ ಜರಡಿ ಹಿಡಿದು ತಿಪ್ಪೆಗೆ ಇಳಿದಳು. ಊರಿನ ತಿಪ್ಪೆಗಳನ್ನೆಲ್ಲ ಜರಡಿ ಹಿಡಿದಾಗ ಒಂದು ಮೊರ ಬಳೆಚೂರು ಸಿಕ್ಕಿತು. ಅದನ್ನು ಹೊತ್ತು ಬಳೆ ಕುಲುಮೆಯ ಖಾದರಸಾಬರ ಹತ್ತಿರ ಹೋದಳು.

"ಕರಗಿಸಿದ್ರೆ ಹೊಸ ಬಳೆ ಆಗ್ತದೆ ತಂಗೀ" ಅಂದರಂತೆ ಸಾಬರು. "ಆದ್ರೆ ಮೊರದಷ್ಟಕ್ಕೆ ಕುಲುಮೆ ಹೊತ್ತಿಸಕ್ಕಾಗಲ್ಲ. ಗಾಡಿ ತುಂಬ ತಾ."

ಒಂದೂರಿನ ಚೂರಿಗೆ ಗಾಡಿ ತುಂಬೀತೇ? ತಿಪ್ಪಕ್ಕ ಸುತ್ತಿನ ಐದೂರಿಗೆ ಗಾಡಿ ಕಟ್ಟಿದಳು. ಮನೆಗೆರಡು ಬುಟ್ಟಿ ಇಡಿ ಅಂದಳು. ಹಸಿಯದು ನಿಮ್ಮ ತಿಪ್ಪೆಗೆ, ಒಣಗಿದ್ದು ನನಗೆ. ಗಾಜು ಮಾತ್ರ ಬೇರೆ ಕುಡಿಕೆಯಲ್ಲಿ. ಐದು ದಿನ ಐದೂರು ಸುತ್ತೋದು, ಆರನೇ ದಿನ ಹುಣಸೆ ಮರದಡಿ ಕೂತು ಆರಿಸೋದು, ಏಳನೇ ದಿನ ಸಾಗಿಸೋದು. ಗಾಜು ಕುಲುಮೆಗೆ, ಕಬ್ಬಿಣ ಕಮ್ಮಾರನಿಗೆ, ಚಿಂದಿ ಕೌದಿ ಹೊಲಿಯುವವರಿಗೆ, ಒಡೆದ ಮಡಕೆ ಗಾರೆ ಅರೆಯುವವರಿಗೆ. ಬೆರೆಸಿಟ್ಟ ಬುಟ್ಟಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಹೊಸಿಲ ಮುಂದೆ ಹಾಗೇ ಬಿಟ್ಟು ಎತ್ತು ಹೊಡೆಯುತ್ತಿದ್ದಳು.

ಐದೂರಿಗೂ ದೊಡ್ಡವನು ಸಿರಿಯಣ್ಣಗೌಡ. ಅವನ ಮನೆಯ ಬುಟ್ಟಿ ನಾಲ್ಕು ವಾರ ಬಾಗಿಲಲ್ಲೇ ಕೊಳೆಯಿತು. ಗೌಡ ಅವಳನ್ನು ಕರೆಸಿದ.

"ನಮ್ಮನೆ ಕಸ ನಿನಗೆ ಮೈಲಿಗೆ ಏನೇ?"

"ಮೈಲಿಗೆ ಅಲ್ಲ ಗೌಡ್ರೆ. ಈ ಬುಟ್ಟಿಗೆ ಒಂದ್ಸಲ ನೀವು ಕೈ ಹಾಕ್ರಿ. ಹೆದರದೆ ತಳ ಮುಟ್ಟಿದ್ರೆ, ನಾನು ತಲೆ ಮೇಲೆ ಹೊತ್ಕಂಡು ಹೋಗ್ತೀನಿ."

ಗೌಡ ಕೈ ಚಾಚಿದ. ಕೈ ಬುಟ್ಟಿಯ ಮೇಲೇ ನಿಂತಿತಂತೆ, ಒಳಗೆ ಇಳಿಯಲಿಲ್ಲವಂತೆ. ಅಷ್ಟರಲ್ಲಿ ಅವನ ತಾಯಿ ಹೊನ್ನಜ್ಜಿ ಬಂದು ಬುಟ್ಟಿಯನ್ನು ಅಂಗಳಕ್ಕೆ ಸುರಿದು, ಕಡ್ಡಿಯಲ್ಲಿ ಕೆದಕಿ ಆರಿಸಲು ಕೂತಳು. "ನನ್ನ ಮಗ ಹಾಕದ ಕೈಯನ್ನ ಇವಳ್ಯಾಕೆ ಹಾಕ್ಬೇಕು?" ಅಂದಳಂತೆ. ಗೌಡನ ಮನೆಯಲ್ಲೇ ಬೇರೆ ಮಾಡಿದ ಮೇಲೆ ಬೇಡ ಅನ್ನೋರು ಯಾರು? ಐದೂರೂ ಮಾಡಿತು.

ಬುಟ್ಟಿ ಅಲುಗಿಸಿದರೆ ಸಾಕು, ಸದ್ದು ಕೇಳಿಯೇ ಒಳಗೆ ಗಾಜಿದೆಯೋ ಇಲ್ಲವೋ ಹೇಳುತ್ತಿದ್ದಳು ಅಂತಾರೆ. ಬೂದಿಯಲ್ಲಿ ಸಿಕ್ಕ ಮೂಗುತಿಯನ್ನು ವಾಸನೆ ಹಿಡಿದೇ ಯಾರ ಮನೆಯದೆಂದು ತಿಳಿದು ಕೊಟ್ಟಳು ಅಂತಾರೆ. ಇದ್ದರೂ ಇರಬಹುದು. ಇನ್ನೊಂದನ್ನು ಮಾತ್ರ ಎಲ್ಲರೂ ಒಂದೇ ತೆರನಾಗಿ ಹೇಳುತ್ತಾರೆ. ಮೂರನೇ ವರ್ಷ ಗೊಬ್ಬರ ಹರಡಿದ ಮೇಲೆ ತಿಪ್ಪಕ್ಕ ಗಂಡನ ಹೊಲಕ್ಕೆ ಬರಿಗಾಲಲ್ಲಿ ಇಳಿದಳಂತೆ. ಈ ಬದುವಿನಿಂದ ಆ ಬದುವಿಗೆ, ಸಾಲು ಬಿಡದೆ, ಹೊತ್ತು ಇಳಿಯುವವರೆಗೂ ನಡೆದಳಂತೆ. ಆಮೇಲೆ ಬದುವಿನ ಮೇಲೆ ಕೂತು ಅಂಗಾಲು ತಿರುಗಿಸಿ ನೋಡಿಕೊಂಡಳು. ಮಣ್ಣಿತ್ತು, ಗೊಬ್ಬರವಿತ್ತು, ಒಂದು ಗೀರೂ ಇರಲಿಲ್ಲ. ಬೋರಯ್ಯ ಸತ್ತ ಮೇಲೆ ಅವಳು ಅತ್ತದ್ದು ಅವತ್ತೇ ಅಂತೆ.

ಈಗಲೂ ಆ ಐದೂರಿಗೆ ಅದೇ ವಾರ, ಅದೇ ಸರದಿಯಲ್ಲಿ ಕಸದ ಗಾಡಿ ಬರುತ್ತದೆ. ಹೊಡೆಯುವವನು ಮೀಸೆ ಹೊತ್ತ ಗಂಡಸಾದರೂ "ತಿಪ್ಪಕ್ಕ ಬಂದ್ಲು" ಅಂತಲೇ ಕೂಗುತ್ತಾರೆ. ಬೆರೆತ ಬುಟ್ಟಿಯನ್ನು ಅವನೂ ಬಿಟ್ಟು ಹೋಗುತ್ತಾನೆ. ಅಕ್ಕಪಕ್ಕದವರು ಯಾಕೆ ಏನು ಅಂತ ಕೇಳುವುದಿಲ್ಲ. ಗಾಡಿ ತಿರುವು ದಾಟಿದ ಮೇಲೆ ಮನೆಯೊಡತಿ ಸುಮ್ಮನೆ ಹೊರಗೆ ಬಂದು, ಬುಟ್ಟಿಯನ್ನು ಒಳಗೆ ತೆಗೆದುಕೊಂಡು, ಆರಿಸಲು ಕೂರುತ್ತಾಳೆ.