ಇಬ್ಬರು ಎತ್ತುವ ಪೆಟ್ಟಿಗೆ

“ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ತನ್ನ ನೀರು ತಾನೇ ಸೇದುತ್ತಿದ್ದ. ಪಂಕ್ತಿಯ ಕೊನೆಯಲ್ಲಿ ಕೂತು, ಬಡಿಸುವವರು ಹತ್ತಿರ ಬರುವ ಮೊದಲೇ ಎದ್ದು ತಾನೇ ಬಡಿಸಿಕೊಳ್ಳುತ್ತಿದ್ದ. ಗುರುಗಳು ಇದನ್ನೆಲ್ಲ ನೋಡಿದ್ದರು.

“ಕೂತುಕೋ. ಒಬ್ಬ ಮೆಕ್ಯಾನಿಕ್ಕನ ಕತೆ ಹೇಳುತ್ತೇನೆ” ಎಂದರು.

ಹೊಸಪೇಟೆಯ ಕಡೆ, ಹೆದ್ದಾರಿ ಪಕ್ಕದ ಒಂದು ಊರಿನಲ್ಲಿ ಕೊಟ್ರೇಶ ಎಂಬ ಮೆಕ್ಯಾನಿಕ್ ಇದ್ದ. ಅವನು ಕೆಲಸ ಕಲಿತದ್ದು ಸೋದರಮಾವನ ಗ್ಯಾರೇಜಿನಲ್ಲಿ. ಮಾವ ಕೈ ಎತ್ತಿ ಹೊಡೆದವನಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ “ಈ ಅನ್ನ ಯಾರದು?” ಎಂದು ಕೇಳುತ್ತಿದ್ದ. “ನಿಮ್ಮದು ಮಾವ” ಎಂದು ಕೊಟ್ರೇಶ ಹೇಳಿದ ಮೇಲೆಯೇ ಸಾರು ಬೀಳುತ್ತಿತ್ತು. ಮುಂದೆ ತನ್ನದೇ ಶೆಡ್ಡು ಹಾಕಿಕೊಂಡ ದಿನ, ಇನ್ನು ಯಾರಿಂದಲೂ ಏನನ್ನೂ ಪುಕ್ಕಟೆ ತೆಗೆದುಕೊಳ್ಳುವುದಿಲ್ಲ ಎಂದು ಅವನು ನಿಶ್ಚಯಿಸಿದ.

ನಿಶ್ಚಯವನ್ನು ಬಿಗಿಯಾಗಿಯೇ ಪಾಲಿಸಿದ. ಪಕ್ಕದ ಅಂಗಡಿ ಜಂಬಯ್ಯನದು. ಬೈಕು, ಆಟೋಗಳ ಸೀಟು ಹೊಲಿಯುವವನು, ವಯಸ್ಸಿನಲ್ಲಿ ಹಿರಿಯ. ಒಂದು ಮಧ್ಯಾಹ್ನ ಬಿಸಿಲಲ್ಲಿ ಬೆವರುತ್ತಿದ್ದ ಕೊಟ್ರೇಶನಿಗೆ ಅವನು ಒಂದು ಚೊಂಬು ನೀರು ಕೊಟ್ಟ. ಕೊಟ್ರೇಶ ಕುಡಿದ. ಸಂಜೆಯೊಳಗೆ ನಲ್ಲಿಗೆ ಹೋಗಿ, ಅದೇ ಚೊಂಬಿನ ತುಂಬ ನೀರು ಹಿಡಿದು ತಂದು, ಜಂಬಯ್ಯನ ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟ. ಜಂಬಯ್ಯ ನೀರನ್ನು ನೋಡಿದ, ಕೊಟ್ರೇಶನ ಮುಖ ನೋಡಿದ. ಎದ್ದು ಹೋಗಿ ಅದನ್ನು ಬೇವಿನ ಮರದ ಬುಡಕ್ಕೆ ಸುರಿದು ಬಂದ.

ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಆಮೇಲೆ ಯಾರೂ ಕೊಟ್ರೇಶನನ್ನು ಚಹಾಕ್ಕೆ ಕರೆಯಲಿಲ್ಲ. ಅವನಿಗೆ ಅದು ನೆಮ್ಮದಿಯೇ ಆಯಿತು.

ಅವನ ಸಾಮಾನುಗಳೆಲ್ಲ ನೆಲದ ಮೇಲೆ ಹಾಸಿದ ಗೋಣಿತಾಟಿನಲ್ಲಿ ರಾಶಿ ಬಿದ್ದಿರುತ್ತಿದ್ದವು. ಸಂಜೆ ಅದನ್ನೇ ಗಂಟು ಕಟ್ಟಿ ಮನೆಗೆ ಒಯ್ಯುತ್ತಿದ್ದ. ಒಂದು ದಿನ, ರಿಪೇರಿ ಮಾಡಿಸಿಕೊಂಡು ಹೋಗಿದ್ದ ಆಟೋದವನು ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಅವನ ಕೈಯಲ್ಲಿ ಕೊಟ್ರೇಶನ ಸ್ಪ್ಯಾನರ್ ಇತ್ತು.

“ಸದ್ದು ಬಂತು ಅಂತ ನಿಲ್ಲಿಸಿ ನೋಡಿದೆ. ಬ್ರೇಕಿನ ಹತ್ತಿರ ಸಿಕ್ಕಿಕೊಂಡಿತ್ತು” ಎಂದ. ಅವನು ಬೈಯಲಿಲ್ಲ. “ಒಳಗೆ ಸಾಲಿ ಮಕ್ಕಳಿದ್ದರು” ಎಂದಷ್ಟೇ ಹೇಳಿ ಹೋದ.

ಕೊಟ್ರೇಶ ಆ ಸ್ಪ್ಯಾನರನ್ನು ಹಿಡಿದುಕೊಂಡು ನೆಲಕ್ಕೆ ಕೂತ. ಅದು ಕಾಣೆಯಾದದ್ದು ಅವನಿಗೆ ಗೊತ್ತೇ ಇರಲಿಲ್ಲ. ರಾಶಿಯಲ್ಲಿ ಒಂದು ಕಡಿಮೆಯಾದರೆ ತಿಳಿಯುವುದಾದರೂ ಹೇಗೆ? ಅವತ್ತು ಮತ್ತೆ ಕೆಲಸ ಮುಟ್ಟಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಸಾಮಾನಿಗೊಂದು ಪೆಟ್ಟಿಗೆ ತರಲು ಹೊರಟ.

ಪೇಟೆಯ ಹೊಸ ಪೆಟ್ಟಿಗೆಗಳು ಮಿರಿಮಿರಿ ಮಿಂಚುತ್ತಿದ್ದವು. ಅವು ಅವನ ಕೈಗೆ ಎಟುಕುವಂಥವಲ್ಲ. ಸುತ್ತಿ ಸುತ್ತಿ ಕೊನೆಗೆ ಗುಜರಿ ಅಂಗಡಿಗೆ ಬಂದ. ಅಲ್ಲಿ ಅವನಿಗೆ ನಿಲುಕುವ ಎರಡು ಪೆಟ್ಟಿಗೆಗಳಿದ್ದವು. ಒಂದು ತಗಡಿನ ಟ್ರಂಕು. ಒಬ್ಬನೇ ಹೆಗಲಿಗೆ ಹಾಕಿಕೊಂಡು ನಡೆಯಬಹುದು. ಇನ್ನೊಂದು ಮುಚ್ಚಿಹೋದ ಯಾವುದೋ ಕಾರ್ಖಾನೆಯದು. ದಪ್ಪ ಕಬ್ಬಿಣ, ಒಂದರ ಮೇಲೊಂದು ಆಳವಿಲ್ಲದ ಖಾನೆಗಳು, ಎಳೆದರೆ ಪ್ರತಿಯೊಂದೂ ತಕರಾರಿಲ್ಲದೆ ಹೊರಗೆ ಬರುತ್ತಿತ್ತು.

“ಇದನ್ನ ಎತ್ತೋಕೆ ಇಬ್ಬರು ಬೇಕು” ಎಂದ ಅಂಗಡಿಯವನು. “ನಿಮ್ಮ ಜೊತೆ ಯಾರಿದ್ದಾರೆ?”

“ಯಾರೂ ಇಲ್ಲ. ನಾನೊಬ್ಬನೇ.”

“ಹಾಗಾದರೆ ಟ್ರಂಕು ತಗೊಳ್ಳಿ. ನಿಮಗೆ ಅದೇ ಸರಿ.”

ಕೊಟ್ರೇಶನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಟ್ರಂಕಿನ ಮುಚ್ಚಳ ತೆರೆದು ಜೇಬಿನಲ್ಲಿದ್ದ ಸ್ಪ್ಯಾನರನ್ನು ಒಳಗೆ ಹಾಕಿ ನೋಡಿದ. ಅದು ಗಡಗಡ ಉರುಳಿ ಮೂಲೆ ಸೇರಿತು. ತುಂಬಿದ ಮೇಲೆ ಇದೂ ಒಂದು ಗೋಣಿತಾಟೇ ಎನ್ನಿಸಿತು. ಕಬ್ಬಿಣದ ಪೆಟ್ಟಿಗೆಯ ಖಾನೆ ಎಳೆದು ಅದರಲ್ಲಿ ಇಟ್ಟ, ಮತ್ತೆ ತೆಗೆದ. ಅದಿದ್ದ ಜಾಗ ಖಾಲಿಯಾಗಿ ಕಣ್ಣಿಗೆ ಹೊಡೆಯಿತು. ಆಟೋದಲ್ಲಿದ್ದ ಮಕ್ಕಳನ್ನು ಅವನು ನೋಡಿರಲಿಲ್ಲ. ಆದರೂ ಅವರ ನೆನಪಾಯಿತು. ಭಾರದ ಪೆಟ್ಟಿಗೆಯನ್ನೇ ಕೊಂಡ.

ಗುಜರಿಯ ಆಳುಗಳು ಅದನ್ನು ಶೆಡ್ಡಿನ ಮುಂದೆ ಇಳಿಸಿ, ಕೂಲಿ ತೆಗೆದುಕೊಂಡು ಹೋದರು. ಕೊಟ್ರೇಶ ತುಕ್ಕು ಉಜ್ಜಿದ, ಎಣ್ಣೆ ಬಿಟ್ಟ, ಪ್ರತಿ ಸಾಮಾನಿಗೂ ಒಂದೊಂದು ಜಾಗ ಮಾಡಿದ. ಖಾನೆ ಎಳೆದು ನೋಡುವುದು, ಮುಚ್ಚುವುದು, ಮತ್ತೆ ಎಳೆಯುವುದು. ಇಡೀ ದಿನ ಮದುವೆ ಮನೆಯವನ ಹಾಗೆ ಓಡಾಡಿದ.

ಸಂಜೆ ತೊಡಕು ಎದುರಾಯಿತು. ಶೆಡ್ಡು ಎಷ್ಟು ಚಿಕ್ಕದೆಂದರೆ, ಪೆಟ್ಟಿಗೆ ಒಳಗಿದ್ದರೆ ಹಗಲಲ್ಲಿ ಕೆಲಸಕ್ಕೆ ಜಾಗವಿಲ್ಲ. ರಾತ್ರಿ ಹೊರಗೆ ಬಿಟ್ಟರೆ ಕಳ್ಳರ ಪಾಲು. ದಿನಾ ಬೆಳಿಗ್ಗೆ ಹೊರಗೆ, ದಿನಾ ಸಂಜೆ ಒಳಗೆ ಆಗಬೇಕು. ಅವನು ನೂಕಿದ, ಎಳೆದ. ಹೊಸ್ತಿಲ ಕಲ್ಲಿಗೆ ಪೆಟ್ಟಿಗೆಯ ಕಾಲು ತಗುಲಿ ಅಲ್ಲಿಗೆ ನಿಂತಿತು. ಬೆನ್ನು ಕೊಟ್ಟು ಒತ್ತಿದ. ಅಂಗಿ ಹರಿಯಿತು, ಪೆಟ್ಟಿಗೆ ಅಲುಗಲಿಲ್ಲ.

ಜಂಬಯ್ಯ ತನ್ನ ಅಂಗಡಿ ಮುಂದೆ ಬೀಡಿ ಸೇದುತ್ತ ಇದನ್ನು ನೋಡುತ್ತಿದ್ದ. ಎದ್ದು ಬರಲಿಲ್ಲ. ಎದ್ದು ಒಳಗೂ ಹೋಗಲಿಲ್ಲ.

ಕತ್ತಲಾಗುತ್ತಾ ಬಂತು. ಕೊಟ್ರೇಶ ಅತ್ತ ತಿರುಗಿ, ತಲೆ ತಗ್ಗಿಸಿಕೊಂಡು, “ನೋಡ್ತಾನೇ ಇದ್ದೀರಲ್ಲ” ಎಂದ.

“ಕರೆದರೆ ಬರ್ತೀನಿ” ಎಂದ ಜಂಬಯ್ಯ. “ಕರೆಯದೆ ಬಂದರೆ ನೀನು ಕೂಲಿ ಕೊಡ್ತೀಯ.”

ಕರೆಯುವ ಮಾತು ಕೊಟ್ರೇಶನ ಬಾಯಿಗೆ ಬರಲೊಲ್ಲದು. ಪೆಟ್ಟಿಗೆಯನ್ನು ಇನ್ನೊಮ್ಮೆ ನೂಕಿ ನೋಡಿದ. ಆಮೇಲೆ, “ಒಂಚೂರು ಕೈ ಹಾಕು ಬಾ, ಜಂಬಣ್ಣ” ಎಂದ.

ಜಂಬಯ್ಯ ಬೀಡಿ ಆರಿಸಿ ಬಂದ. “ಮೂರು ಅಂದಾಗ ಎತ್ತೋಣ. ಒಂದು, ಎರಡು...” ಎಂದವನು ಎರಡಕ್ಕೇ ಎತ್ತಿಬಿಟ್ಟ. ಪೆಟ್ಟಿಗೆ ವಾಲಿತು, ಖಾನೆಗಳೆಲ್ಲ ಒಟ್ಟಿಗೆ ಹೊರಬಂದು ಕೊಟ್ರೇಶನ ಹೊಟ್ಟೆಗೆ ಗುದ್ದಿದವು. ಜಂಬಯ್ಯ ಮೊದಲು ನಕ್ಕ. ಕೊಟ್ರೇಶ ನಗಬಾರದೆಂದು ಹಲ್ಲು ಕಚ್ಚಿ ಹಿಡಿದ. ಆಗಲಿಲ್ಲ. ಇಬ್ಬರೂ ನಗುತ್ತ, ಪೆಟ್ಟಿಗೆಯನ್ನು ನಡುಬಾಗಿಲಲ್ಲೇ ಇಳಿಸಿ, ಮತ್ತೆ ನಕ್ಕು, ಮತ್ತೆ ಎತ್ತಿ ಒಳಗಿಟ್ಟರು.

ಕೊಟ್ರೇಶನ ಕೈ ಜೇಬಿಗೆ ಹೋಯಿತು. ಜಂಬಯ್ಯ ಆ ಕೈಯನ್ನು ನೋಡಿ, “ಬೆಳಿಗ್ಗೆ ಹೊರಗೆ ತರೋವಾಗಲೂ ಕರಿ” ಎಂದು ಹೊರಟುಹೋದ.

ಮರುದಿನ ಕೊಟ್ರೇಶ ಹಂಗು ತೀರಿಸಲು ನೋಡಿದ. ಜಂಬಯ್ಯನ ಹೊಲಿಗೆ ಯಂತ್ರದ ಪೆಡಲು ಕಿರುಗುಟ್ಟುತ್ತಿತ್ತು, ಅದನ್ನು ಸರಿಮಾಡಿಕೊಟ್ಟ. ಇನ್ನು ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಸಂಜೆಯಾಗಿ ಮತ್ತೆ ಪೆಟ್ಟಿಗೆ ಎತ್ತಬೇಕಾಯಿತು. ಅದಕ್ಕೆ ಬೇರೇನೋ ಮಾಡಿದರೆ, ಜಂಬಯ್ಯ ಮನೆಯಿಂದ ರೊಟ್ಟಿ, ಎಣ್ಣೆಗಾಯಿ ತಂದು ಮುಂದಿಟ್ಟ. ಯಾರು ಯಾರಿಗೆ ಎಷ್ಟು ಎಂಬ ಲೆಕ್ಕ ಕೆಲವೇ ದಿನಗಳಲ್ಲಿ ಕೊಟ್ರೇಶನ ಕೈತಪ್ಪಿತು. ಅದನ್ನು ಹುಡುಕುವುದನ್ನು ಅವನು ಯಾವಾಗ ಬಿಟ್ಟನೋ ಅವನಿಗೂ ತಿಳಿಯಲಿಲ್ಲ.

ಬೆಳಗಾದರೆ ಬೀದಿಗೆ ಅವನ ಕೂಗು ಕೇಳುತ್ತಿತ್ತು, “ಜಂಬಣ್ಣ, ಬಾ.” ಜಂಬಯ್ಯ ದಿನಾ ಮೂರಕ್ಕೆ ಎನ್ನುತ್ತಿದ್ದ, ದಿನಾ ಎರಡಕ್ಕೇ ಎತ್ತುತ್ತಿದ್ದ. ಎದುರಿನ ಚಹಾದಂಗಡಿಯಲ್ಲಿ ಕೂತವರು ಲೋಟ ಹಿಡಿದುಕೊಂಡು ಅದನ್ನೇ ಕಾಯುತ್ತಿದ್ದರು.

ಒಮ್ಮೆ ಜಂಬಯ್ಯ ಮಗಳನ್ನು ಹೆರಿಗೆಗೆ ಕರೆತರಲು ಕೊಪ್ಪಳಕ್ಕೆ ಹೋದ. ಆ ಬೆಳಿಗ್ಗೆ ಕೊಟ್ರೇಶ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತಿದ್ದಾಗ ಚಹಾದಂಗಡಿಯವನು ತಾನಾಗಿ ಬಂದು ಕೈ ಹಾಕಿದ. ಮೂರಕ್ಕೆ ಸರಿಯಾಗಿ ಎತ್ತಿದರು. ಪೆಟ್ಟಿಗೆ ನೆಟ್ಟಗೆ ಹೊರಗೆ ಬಂತು. ಯಾರೂ ನಗಲಿಲ್ಲ. ಅವನು ಕೊಟ್ಟ ಚಹಾವನ್ನು ಕೊಟ್ರೇಶ ಕುಡಿದು, “ಜಂಬಣ್ಣ ಯಾವಾಗ ಬರ್ತಾನಂತೆ?” ಎಂದು ಕೇಳಿದ.

ಕಾಲ ಕಳೆಯಿತು, ಕೆಲಸ ಹೆಚ್ಚಿತು. ಕೊಟ್ರೇಶ ಒಂದು ದಿನ ಪೆಟ್ಟಿಗೆಯನ್ನು ಗಾಡಿಗೆ ಹೇರಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದ. ಕೆಳಗೆ ಗಾಲಿ ಹಾಕಿಸಿ, ಹೊಸ್ತಿಲಿಗೊಂದು ಇಳಿಜಾರು ಮಾಡಿಸಿದರೆ ಕಷ್ಟ ತಪ್ಪುತ್ತದೆ ಎಂದು ಯಾರೋ ಹೇಳಿದ್ದರು.

“ಒಳ್ಳೇ ಕೆಲಸ. ಆಮೇಲೆ ನಿಮಗೆ ಯಾರೂ ಬೇಕಾಗಲ್ಲ” ಎಂದ ವೆಲ್ಡಿಂಗಿನವನು. “ಒಂದು ಕೈಯಲ್ಲಿ ನೂಕಿದರೆ ಸಾಕು, ಹೋಗ್ತದೆ.”

“ಯಾರೂ ಬೇಕಾಗಲ್ವಾ?” ಎಂದು ಕೊಟ್ರೇಶ ಕೇಳಿದ.

“ಯಾರೂ ಬೇಡ.”

ಕೊಟ್ರೇಶ ಗಾಲಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಸದ್ದಿಲ್ಲದೆ ತಿರುಗುತ್ತಿದ್ದವು. ಅವನ್ನು ಮೇಜಿನ ಮೇಲೆ ಇಟ್ಟು, “ಗಾಲಿ ಬೇಡ. ಎರಡು ಕಡೆಗೂ ಒಂದೊಂದು ಹಿಡಿಕೆ ಹಾಕಿಕೊಡು” ಎಂದ. “ಗಟ್ಟಿ ಇರಲಿ. ಆ ಕಡೆ ಹಿಡಿಯೋನಿಗೆ ವಯಸ್ಸಾಗಿದೆ.”

ಸಂಜೆ ಜಂಬಯ್ಯ ಹಿಡಿಕೆಗಳನ್ನು ಮುಟ್ಟಿ ನೋಡಿದ. ಕಬ್ಬಿಣ ಅಂಗೈಗೆ ಒತ್ತುತ್ತದೆ ಎಂದು ತಕರಾರು ತೆಗೆದು, ಒಳಗೆ ಹೋಗಿ, ಸೀಟಿನ ರೆಕ್ಸಿನ್ ತಂದು ಎರಡಕ್ಕೂ ಮೆತ್ತಗೆ ಸುತ್ತಿ ಹೊಲಿದ. ಕೊಟ್ರೇಶನ ಕಡೆಯದಕ್ಕೆ ಕೆಂಪು, ತನ್ನದಕ್ಕೆ ಹಸಿರು. ಆಮೇಲೆ ಇಬ್ಬರೂ ಬಗ್ಗಿದರು. “ಒಂದು, ಎರಡು...” ಎಂದ ಜಂಬಯ್ಯ. ಆ ದಿನ ಎರಡಕ್ಕೇ ಎತ್ತಿದವನು ಕೊಟ್ರೇಶ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ನಗು ಮೂಡಿತ್ತು. ಆದರೆ ಅವನಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ. “ಹಾಗಾದರೆ ಆ ಮನುಷ್ಯನ ಹಂಗು ಕಡೆಗೂ ತೀರಲಿಲ್ಲವೇ, ಗುರುಗಳೇ?” ಎಂದು ಕೇಳಿದ.

“ಬೆಳಗಾದರೆ ನೀನು ಯಾರನ್ನು ಕೂಗುತ್ತೀಯ?” ಎಂದರು ಗುರುಗಳು.

ಆ ದಿನ ಪಂಕ್ತಿಯಲ್ಲಿ ಶಿಷ್ಯ, ಬಡಿಸುವವರು ಹತ್ತಿರ ಬರುವವರೆಗೂ ಏಳದೆ ಕೂತಿದ್ದ.