ಊರತೋಟದ ಕಾವಲಿಗೆ ಮೂರು ಒಗಟು

"ಕೇಳ್ರಪ್ಪೋ ಕೇಳ್ರಿ! ದೊರೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ಊರತೋಟದ ಕಾವಲುಪಡೆಯ ಯಜಮಾನಿಕೆ! ತಪ್ಪು ಹೇಳಿದವರಿಗೆ ಹುಣ್ಣಿಮೆಯ ದಿನ ತಲೆದಂಡ! ಯಾರೂ ಬಿಡಿಸದಿದ್ದರೆ ಅದೇ ದಿನ ಕಾವಲುಗಾರ ನಿಂಗಯ್ಯನ ತಲೆಯೂ ಹೋಗುತ್ತೆ, ತೋಟದ ಬಾಗಿಲಿಗೂ ಗೋಡೆ ಕಟ್ಟುತ್ತಾರೆ!"

ಹೀಗಂತ ಬೀದಿ ಬೀದಿಯಲ್ಲಿ ಡಂಗುರ ಹೊಡೆದರು. ಆ ತೋಟ ದೊರೆ ಭುಜಂಗರಾಯನ ತಾತ ಪಟ್ಟಣದ ಜನಕ್ಕೆ ಅಂತಲೇ ಬಿಟ್ಟುಕೊಟ್ಟದ್ದು. ಕೂಲಿಯವನೂ ಅಲ್ಲಿ ನೆರಳಲ್ಲಿ ಕಾಲು ಚಾಚಬಹುದಿತ್ತು, ಅರಮನೆಯವರೂ ಬರುತ್ತಿದ್ದರು. ಹಿಂದಿನ ತಿಂಗಳು ದೊರೆಯ ಒಬ್ಬಳೇ ಮಗಳು, ಹನ್ನೆರಡು ವರ್ಷದ ಕೂಸು, ತಾವರೆ ಕೀಳಲು ಹೋಗಿ ಅಲ್ಲಿನ ಕೊಳದಲ್ಲಿ ಮುಳುಗಿ ತೀರಿಕೊಂಡಳು. ಆಗ ಕೊಳದ ಪಹರೆಯಲ್ಲಿದ್ದವನು ನಿಂಗಯ್ಯ. ಮೂವತ್ತು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮುದುಕ, ಪಾಪ, ಈಗ ಸೆರೆಮನೆಯಲ್ಲಿದ್ದ.

ಮೊದಲು ದಂಡನಾಯಕನ ಮಗ ಮೀಸೆ ತಿರುವುತ್ತಾ ಬಂದ. ದೊರೆ ಕೇಳಿದ: "ತೋಟದೊಳಗೆ ಕಳ್ಳನ ಕೈಗೆ ಸಿಗದ ಸೊತ್ತು ಒಂದಿದೆ. ಆದರೆ ಕಾಯುವವನೇ ಅದನ್ನು ಹಾಳುಮಾಡಬಲ್ಲ. ಏನದು?"

"ಹೂವಿನ ಪರಿಮಳ!" ಅಂದ. ನೇರ ಸೆರೆಮನೆಗೆ ಹೋದ. ಆಮೇಲೆ ಆಸ್ಥಾನದ ಪಂಡಿತರು ಬಂದು "ಮರದ ನೆರಳು" ಅಂದರು. ಅವರೂ ಹೋದರು. ಮತ್ತೆ ಯಾರೂ ಮುಂದೆ ಬರಲಿಲ್ಲ, ಹುಣ್ಣಿಮೆಗೆ ಒಂದೇ ದಿನ ಉಳಿಯಿತು.

ಆಗ ಬಂದಳು ನೋಡಿ ದ್ಯಾಮಿ, ನಿಂಗಯ್ಯನ ಮಗಳು, ತೋಟದಲ್ಲಿ ತರಗೆಲೆ ಗುಡಿಸುವವಳು. ಸಭೆಯಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಮಂತ್ರಿ ಮಾತ್ರ, "ಹೋಗಮ್ಮ, ನಿನ್ನ ತಲೆಯಾದರೂ ಉಳಿಸಿಕೋ" ಅಂದ.

"ಅಪ್ಪನ ತಲೆ ಹೋದ ಮೇಲೆ ನನ್ನದು ಇಟ್ಕೊಂಡು ಏನು ಮಾಡ್ಲಿ ಬುದ್ಧಿ?" ಅಂದಳು ದ್ಯಾಮಿ. ಆಮೇಲೆ ದೊರೆಯ ಕಡೆ ತಿರುಗಿದಳು. "ಮೊದಲನೇದು, ಬಂದವರ ನೆಮ್ಮದಿ. ಕಾವಲಿನವನು ಕೋಲು ಕುಟ್ಟಿ 'ಏಳು, ಆ ಕಡೆ ಹೋಗು' ಅಂತ ಗದರಿದರೆ, ಹೂವೆಲ್ಲ ಇದ್ದರೂ ತೋಟ ಹಾಳೇ."

ದೊರೆ ತಲೆದೂಗಿದ. "ದಿನಕ್ಕೆ ಸಾವಿರ ಜನ ತೋಟಕ್ಕೆ ಬರುತ್ತಾರೆ. ಒಳ್ಳೆಯ ಕಾವಲುಗಾರ ಅವರನ್ನೆಲ್ಲ ಬಿಟ್ಟು ಬೇರೊಬ್ಬನನ್ನು ಹುಡುಕುತ್ತಾನೆ. ಯಾರವನು?"

"ಕಳ್ಳ, ಇನ್ನಾರು" ಅಂತ ಸಭೆ ಗುಸುಗುಸು ಅಂದಿತು.

"ದಿನಾ ಬಂದು ಇವತ್ತು ಬಾರದವನು" ಅಂದಳು ದ್ಯಾಮಿ. "ಸಂಪಿಗೆ ಮರದಡಿ ಕೂರೋ ಕುರುಡಜ್ಜಿ ಎರಡು ದಿನ ಬರಲಿಲ್ಲ ಅಂತ ಅಪ್ಪ ಅವಳ ಗುಡಿಸಲು ಹುಡುಕಿಕೊಂಡು ಹೋಗಿ ಗಂಜಿ ಕುಡಿಸಿ ಬಂದ."

ಮೂರನೆಯದಕ್ಕೆ ದೊರೆಯ ದನಿ ನಡುಗಿತು. "ಕಣ್ಣಿದ್ದೂ ಕುರುಡ, ಕಿವಿಯಿದ್ದೂ ಕಿವುಡ, ಕಾಲಿದ್ದೂ ಹೆಳವ. ಆ ದಿನ ಕೊಳದ ಹತ್ತಿರ ಇದ್ದವನು ಅವನು. ಅವನು ಹಾಗಾದದ್ದು ಯಾತರಿಂದ? ಉತ್ತರ ನನಗೂ ಗೊತ್ತಿಲ್ಲ ತಾಯಿ. ಕೇಳಿದರೆ ನನ್ನ ಎದೆಗೆ ತಿಳಿದೀತು."

ದ್ಯಾಮಿಗೆ ಹೇಳಿದರೂ ಸಾವು, ಬಿಟ್ಟರೂ ಸಾವು. "ನಿಮ್ಮ ಅಪ್ಪಣೆಯಿಂದ, ಬುದ್ಧಿ" ಅಂದೇಬಿಟ್ಟಳು.

ಅಲ್ಲಿಗೇ ನಿಲ್ಲಿಸದೆ ಬಿಡಿಸಿ ಹೇಳಿದಳು:

"ಅರಮನೆಯ ಹೆಣ್ಣುಮಕ್ಕಳು ಬಂದಾಗ ಕಾವಲಿನವರು ಬೆನ್ನು ತಿರುಗಿಸಿ ನಿಲ್ಲಬೇಕು, ತಿರುಗಿ ನೋಡಿದವನ ತಲೆ ಹೋಗುತ್ತೆ ಅಂತ ನಿಮ್ಮದೇ ಅಪ್ಪಣೆ. ಅಪ್ಪನಿಗೆ ನೀರಿನ ಸದ್ದು ಕೇಳಿಸಿತು. ಮಗು ಆಡ್ತಿರಬೇಕು ಅಂದ್ಕೊಂಡ. ಸದ್ದು ನಿಂತಾಗ, ತಲೆ ಹೋದರೆ ಹೋಗಲಿ ಅಂತ ತಿರುಗಿದ, ನೀರಿಗೆ ಹಾರಿ ಎತ್ತಿ ತಂದ. ಅಷ್ಟರಲ್ಲಿ ಹೊತ್ತು ಮೀರಿತ್ತು."

"ಹಾಗಾದರೆ ನನ್ನ ಮಗಳನ್ನು ಕೊಂದವನು ನಾನೇ?"

"ಕೊಂದವರು ಯಾರೂ ಇಲ್ಲ ಬುದ್ಧಿ. ಕೊಳದ ಮೆಟ್ಟಿಲ ಪಾಚಿಗೆ ಮಗುವಿನ ಕಾಲು ಜಾರಿತು. ಕೈ ಕೊಡೋನು ಹತ್ತೇ ಹೆಜ್ಜೆ ದೂರದಲ್ಲಿದ್ದ, ಆ ಕಡೆ ಮುಖ ಮಾಡ್ಕೊಂಡು."

ದೊರೆ ಸಿಂಹಾಸನದಿಂದ ಇಳಿದು, ಮೆಟ್ಟಿಲ ಮೇಲೆಯೇ ಕೂತು, ಮುಖ ಮುಚ್ಚಿಕೊಂಡು ಅತ್ತ. ಎಷ್ಟೋ ಹೊತ್ತಿಗೆ ಎದ್ದು ಆ ಅಪ್ಪಣೆಯನ್ನು ರದ್ದು ಮಾಡಿದ. ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ಕಾವಲುಪಡೆಯ ಯಜಮಾನಿಕೆಯ ಬೆಳ್ಳಿಕಟ್ಟಿನ ಕೋಲನ್ನು ದ್ಯಾಮಿಯ ಕೈಗಿತ್ತು, "ತೋಟದ ಬಾಗಿಲು ಮುಚ್ಚಬೇಡ ತಾಯಿ" ಅಂದ.

ನಿಂಗಯ್ಯನನ್ನು ಸಭೆಗೆ ಕರೆತಂದರು. ಅದೇ ಹೊತ್ತಿಗೆ ಒಳಗಿನಿಂದ ರಾಣಿ ಬಂದಳು. ಮೂವತ್ತು ವರ್ಷದ ರೂಢಿ ಎಲ್ಲಿ ಹೋಗುತ್ತೆ, ಮುದುಕ ತಟ್ಟನೆ ಬೆನ್ನು ತಿರುಗಿಸಿ ನಿಂತ. ರಾಣಿ ಸುತ್ತಿ ಬಂದು ಅವನೆದುರು ನಿಂತಳು, ಅವನ ಎರಡೂ ಕೈ ಹಿಡಿದಳು.

"ನನ್ನ ಕೂಸನ್ನು ಕಡೇ ಸಲ ಎತ್ತಿಕೊಂಡ ಕೈ ಇವು. ನನ್ನ ಕಡೆ ನೋಡಪ್ಪ."

ನಿಂಗಯ್ಯ ತಲೆಯೆತ್ತಿ ನೋಡಿದ. ಇಬ್ಬರೂ ಗಳಗಳನೆ ಅತ್ತರು.